ಗುಜರಿ ಅಂಗಡಿಯ ಕಾಮಿಕ್ಸ್ ಕಿತ್ತುಕೊಳ್ಳುವವರಿಗೆ



ಈ ಸಲ ನಾವು ಸ್ವಲ್ಪ ಜಗಳದ ಮೂಡಿನಲ್ಲಿದ್ದೇವೆ, ಮೊದಲೇ ಹೇಳಿಬಿಡುತ್ತೇವೆ. ಗೋವಾದ ಕನ್ನಡ ಶಾಲೆ ಅಂದ ಕೂಡಲೇ ಕೊಠಡಿ ಸೋರುತ್ತದೆ, ಪಠ್ಯಪುಸ್ತಕ ತಡವಾಗಿ ಬಂತು, ಶಿಕ್ಷಕರು ಸಾಲುತ್ತಿಲ್ಲ ಎಂಬ ದೂರುಗಳನ್ನೇ ನೀವು ಓದಿರುತ್ತೀರಿ. ಅವೆಲ್ಲ ಇದ್ದದ್ದೇ. ಆದರೆ ಇವತ್ತಿನ ಜಗಳ ಸರ್ಕಾರದ ಜೊತೆ ಅಲ್ಲ, ನಮ್ಮವರ ಜೊತೆಗೇ.

ಇತ್ತೀಚೆಗೆ ಶಿಕ್ಷಕರು, ಪಾಲಕರು ಕೂಡಿದ ಒಂದು ಸಭೆಯಲ್ಲಿ ಒಂದು ಸಲಹೆ ಬಂತು. ಮಕ್ಕಳ ಚೀಲ ತಪಾಸಣೆ ಮಾಡಬೇಕು. ಕಾಮಿಕ್ಸ್ ಸಿಕ್ಕರೆ, ಅದರಲ್ಲೂ ಕಾರು-ಬೈಕು ರೇಸಿನ ಪುಸ್ತಕವೋ ಚಿತ್ರವೋ ಸಿಕ್ಕರೆ, ಕಿತ್ತುಕೊಳ್ಳಬೇಕು. ಕಾರಣ ಕೇಳಿದರೆ, "ಮೊದಲೇ ಕನ್ನಡ ಓದೋಕೆ ಬರಲ್ಲ, ಮೇಲೆ ಈ ಕಸ ಬೇರೆ" ಎಂಬ ಉತ್ತರ. ಎಲ್ಲರ ತಲೆಯೂ ಹೌದೌದು ಅಂತ ಆಡಿತು. ಬೇಡ ಅಂದವರು ನಾವು ಮೂರೇ ಜನ. ಆಗ ನಮಗೆ ಸಿಕ್ಕಿದ್ದು ಎರಡು ನಿಮಿಷ. ಇಲ್ಲಿ ಜಾಗ ಹೆಚ್ಚಿದೆ, ಪೂರ್ತಿ ಹೇಳಿಕೊಳ್ಳುತ್ತೇವೆ.

ಈ ಸಲಹೆಗೆ ಮೂಲವಾದದ್ದು ಆರನೇ ಕ್ಲಾಸಿನ ಒಬ್ಬ ಹುಡುಗ ತಂದ ಮುಖಪುಟವಿಲ್ಲದ ಒಂದು ಹಳೇ ಪುಸ್ತಕ. ಅವನ ತಾಯಿ ಗುಜರಿ ಅಂಗಡಿಯಲ್ಲಿ ಹಳೇ ಪೇಪರು ಬೇರೆ ಮಾಡುವ ಕೆಲಸ ಮಾಡುತ್ತಾರೆ. ವಾಸ್ಕೋ ಬಂದರಿನ ಊರು ನೋಡಿ, ಇಲ್ಲಿಯ ರದ್ದಿಯಲ್ಲಿ ಯಾವ ದೇಶದ ಕಾಗದ ಬೇಕಾದರೂ ಸಿಗುತ್ತದೆ. ಪುಸ್ತಕ ಇಂಗ್ಲಿಷಿನದು, ಅಮೆರಿಕದ್ದು, ಹೆಸರು 'ಹಾಟ್ ರಾಡ್ಸ್ ಅಂಡ್ ರೇಸಿಂಗ್ ಕಾರ್ಸ್'. ಹುಡುಗನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಕನ್ನಡ ಪಾಠ ಒಂದು ಪುಟ ಓದಿಸಬೇಕಾದರೆ ನಮಗೆ ಬೆವರು ಬರುತ್ತದೆ. ಅಂಥವನು ಸುತ್ತ ಏಳೆಂಟು ಹುಡುಗರನ್ನು ಕೂರಿಸಿಕೊಂಡು ಒಂದೊಂದೇ ಚಿತ್ರ ತೋರಿಸಿ ಹೇಳುತ್ತಿದ್ದ: "ಇಲ್ನೋಡ್ರಲೇ, ಬಾನೆಟ್ ತಗದ್ ಒಗದಾನ. ಇದರಾಗ ಕಾರ್ಬುರೇಟರ್ ಒಂದಲ್ಲ, ಮೂರ್ ಕೂಡ್ಸ್ಯಾನ. ಅದಕ್ಕ ಅಷ್ಟ್ ಜೋರ್ ಹೊಕ್ಕೈತಿ." ಚಿತ್ರದಲ್ಲಿ ಎಂಜಿನ್ ಮೇಲೆ ನಿಜವಾಗಿಯೂ ಮೂರು ಕಾರ್ಬುರೇಟರ್ ಇದ್ದವು! ಓದಲು ಬಾರದ ಹುಡುಗ ಅದನ್ನು ಓದಿದ್ದ. ನಮ್ಮ ಸಹೋದ್ಯೋಗಿಯೊಬ್ಬರಿಗೆ ಕಂಡದ್ದು ಮಾತ್ರ ಕಸ.

ಅದು ಕಸವೇ ಆಗಿದ್ದರೆ ಎಂಥ ಕಸ ಅಂತ ನೋಡೋಣ ಬನ್ನಿ.

ಹಾಟ್ ರಾಡ್ ಎಂದರೆ ಶೋರೂಮಿನಿಂದ ಬಂದ ಹೊಸ ಕಾರಲ್ಲ. ಗುಜರಿಯಿಂದ ಬಂದ ಹಳೇ ಕಾರು. 1932ರಲ್ಲಿ ಫೋರ್ಡ್ ಕಂಪನಿ ಎಂಟು ಸಿಲಿಂಡರಿನ ವಿ-8 ಎಂಜಿನ್ನನ್ನು ಸಾಮಾನ್ಯರ ಕೈಗೆಟುಕುವ ಬೆಲೆಯ ಕಾರಿಗೆ ಕೂರಿಸಿತು. ಕೆಲವೇ ವರ್ಷಗಳಲ್ಲಿ ಆ ಕಾರುಗಳು ಹಳೆಯದಾಗಿ ಗುಜರಿ ಸೇರಿದವು. ದುಡ್ಡಿಲ್ಲದ ಹುಡುಗರು ಅವನ್ನು ತಂದು, ಮಡ್‌ಗಾರ್ಡ್ ಬಿಚ್ಚಿ, ಬಾನೆಟ್ ಕಿತ್ತು, ತೂಕ ಇಳಿಸಿ, ಎಂಜಿನ್ ಕುಯ್ದು ಜೋಡಿಸಿ, ಕ್ಯಾಲಿಫೋರ್ನಿಯಾದ ಒಣಗಿದ ಕೆರೆಗಳ ಬಯಲಿನಲ್ಲಿ ಓಡಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಮೆಕ್ಯಾನಿಕ್ ಕೆಲಸ ಕಲಿತ ಯುವಕರು ಊರಿಗೆ ಮರಳಿದರು, ಹುಚ್ಚು ಇನ್ನೂ ಹೆಚ್ಚಿತು. 1948ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಪತ್ರಿಕೆಯೇ ಶುರುವಾಯಿತು. ಶ್ರೀಮಂತರ ಆಟ ಯುರೋಪಿನ ಗ್ರ್ಯಾಂಡ್ ಪ್ರಿ. ಇದು ಗ್ಯಾರೇಜ್ ಹುಡುಗರ ಆಟ.

ಆ ಹುಡುಗರಿಗಾಗಿ ಕಾಮಿಕ್ಸ್ ಬಂದದ್ದು 1951ರಲ್ಲಿ. ಹೆಚ್ಚು ಕಾಲ ಬಾಳಿದ್ದು ನಮ್ಮ ಹುಡುಗನಿಗೆ ಗುಜರಿಯಲ್ಲಿ ಸಿಕ್ಕಿದ ಇದೇ ಹೆಸರಿನದು. 1951ರ ನವೆಂಬರಿನಿಂದ 1973ರ ಜೂನ್‌ವರೆಗೆ 120 ಸಂಚಿಕೆ. ಹೊರತಂದದ್ದು ಕನೆಟಿಕಟ್ ರಾಜ್ಯದ ಡರ್ಬಿ ಎಂಬ ಸಣ್ಣ ಊರಿನ ಚಾರ್ಲ್ಟನ್ ಕಂಪನಿ. ಇದರ ಹುಟ್ಟಿನ ಕಥೆ ಕೇಳಿದರೆ ನಗು ಬರುತ್ತದೆ. ಇಟಲಿಯಿಂದ ವಲಸೆ ಬಂದ ಜಾನ್ ಸ್ಯಾಂಟಾಂಜೆಲೊ ಎಂಬ ಗಾರೆ ಕೆಲಸದವನು ಸಿನಿಮಾ-ರೇಡಿಯೋ ಹಾಡುಗಳ ಸಾಹಿತ್ಯವನ್ನು ಪರವಾನಗಿ ಇಲ್ಲದೆ ಅಚ್ಚು ಹಾಕಿ ಮಾರಿ ಜೈಲು ಸೇರಿದ. (ನಮ್ಮ ಜಾತ್ರೆಯಲ್ಲಿ ಮಾರುತ್ತಿದ್ದ ಸಿನಿಮಾ ಪದಗಳ ಪುಸ್ತಕ ನೆನಪಾಯಿತಾ?) ಅಲ್ಲಿ ಎಡ್ ಲೆವಿ ಎಂಬ ವಕೀಲನ ಪರಿಚಯವಾಯಿತು. ಹೊರಗೆ ಬಂದ ಮೇಲೆ ಇಬ್ಬರೂ ಕೂಡಿ ಕಂಪನಿ ಮಾಡಿದರು. ಇಬ್ಬರ ಮಗನ ಹೆಸರೂ ಚಾರ್ಲ್ಸ್, ಹಾಗಾಗಿ ಚಾರ್ಲ್ಟನ್. ಬರೆಯುವವರು, ಅಚ್ಚು ಹಾಕುವವರು, ಲಾರಿಗೆ ತುಂಬುವವರು ಎಲ್ಲ ಒಂದೇ ಸೂರಿನ ಕೆಳಗೆ. ಪ್ರೆಸ್ ನಿಲ್ಲಿಸಿದರೆ ನಷ್ಟ ಅಂತ ಕಾಮಿಕ್ಸ್ ತುಂಬುತ್ತಾ ಹೋದರು. ಅಗ್ಗದ ಕಾಗದ, ಅಗ್ಗದ ಬಣ್ಣ, ಕಲಾವಿದರಿಗೆ ಕಡಿಮೆ ಸಂಬಳ. ಇದು ಘನ ಸಾಹಿತ್ಯ ಅಂತ ನಾವು ಹೇಳುತ್ತಿಲ್ಲ. ಮನುಷ್ಯರ ಮುಖ ಎಷ್ಟೋ ಕಡೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಹುಡುಗಿಯರ ಕೆಲಸ ಚಪ್ಪಾಳೆ ಹೊಡೆಯೋದು ಮಾತ್ರ. ಕರಿಯರು ಕಾಣುವುದೇ ಇಲ್ಲ ಅನ್ನಬಹುದು.

ಆದರೆ ಕಾರು ನೋಡಿ! ಜಾಕ್ ಕೆಲ್ಲರ್ ಎಂಬ ಕಲಾವಿದ ಇಂಥ ಕಥೆಗಳನ್ನು ವರ್ಷಗಟ್ಟಲೆ ಬರೆದ. ಅದಕ್ಕೂ ಮೊದಲು, ಜೊತೆಜೊತೆಗೂ ಅವನು ಕುದುರೆ ಸವಾರರ ಕೌಬಾಯ್ ಕಥೆಗಳಿಗೆ ಚಿತ್ರ ಬರೆಯುತ್ತಿದ್ದ. ಕಾರು ಬಂದಾಗ ಅವನ ಗೆರೆಗೆ ಜೀವ ಬರುತ್ತದೆ. ಚಕ್ರ ಹೇಗೆ ತಿರುಗುತ್ತದೆ, ತಿರುವಿನಲ್ಲಿ ಗಾಡಿಯ ಹಿಂಭಾಗ ಹೇಗೆ ಜಾರುತ್ತದೆ, ಸೈಲೆನ್ಸರ್ ಕೊಳವೆ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಕ್ಲಿಂಟ್ ಕರ್ಟಿಸ್ ಮತ್ತವನ 'ರೋಡ್ ನೈಟ್ಸ್' ಕ್ಲಬ್ಬಿನ ಕಥೆಗಳಲ್ಲಿ ನಾಯಕರು ರಾಜಕುಮಾರರಲ್ಲ, ಕೈಗೆ ಗ್ರೀಸ್ ಹತ್ತಿದ ಹುಡುಗರು. ಬಡ ಮನೆಯ ಹುಡುಗನೊಬ್ಬ ಪುಸ್ತಕ ತೆರೆದರೆ ಅಲ್ಲಿ ಅವನದೇ ಕೈ, ಅವನದೇ ಉಗುರಿನ ಕೊಳೆ ಕಾಣುತ್ತಿತ್ತು.

ಇಲ್ಲಿಗೆ ನಮ್ಮ ಜಗಳದ ಮುಖ್ಯ ಮಾತು ಬಂತು. ಗೋವಾದಲ್ಲಿ ಕನ್ನಡ ಶಾಲೆಗೆ ಬರುವ ಮಕ್ಕಳು ಯಾರ ಮಕ್ಕಳು? ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದು ಮಂಗೋರ್ ಹಿಲ್, ಬಾಯ್ನಾ, ಜುವಾರಿನಗರದ ಚಾಳುಗಳಲ್ಲಿ ಬಾಡಿಗೆಗೆ ಇರುವವರ ಮಕ್ಕಳು. ಅಪ್ಪ ಟಿಪ್ಪರ್ ಹೊಡೆಯುತ್ತಾನೆ, ಇಲ್ಲ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡುತ್ತಾನೆ, ಇಲ್ಲ ಪಂಕ್ಚರ್ ತಿದ್ದುತ್ತಾನೆ, ಇಲ್ಲ ಕಾಂಕ್ರೀಟ್ ಮಿಕ್ಸರ್ ನಡೆಸುತ್ತಾನೆ. ಬೈಕಿನ ಹಿಂದೆ ಬಾಡಿಗೆ ಗಿರಾಕಿ ಕೂರಿಸಿಕೊಂಡು ಹೋಗುವವನನ್ನು ಗೋವಾದಲ್ಲಿ 'ಪೈಲಟ್' ಅನ್ನುತ್ತಾರೆ. ಮಕ್ಕಳ ಕಣ್ಣಲ್ಲಿ ಅವನೂ ಒಬ್ಬ ಹೀರೋ. ಈ ಮಕ್ಕಳು ಇಡೀ ದಿನ ಎಂಜಿನ್ನಿನ ಸದ್ದಿನಲ್ಲಿ ಬೆಳೆಯುತ್ತಾರೆ. ಬಸ್ಸಿನ ಸದ್ದು ಕೇಳಿಯೇ ಇದು ಕದಂಬದ್ದೋ ಹುಬ್ಬಳ್ಳಿ ಗಾಡಿಯೋ ಅಂತ ಹೇಳಬಲ್ಲವರಿದ್ದಾರೆ.

ಈಗ ನಮ್ಮ ಶಾಲೆಗಳ ಪುಸ್ತಕದ ಕಪಾಟು ತೆರೆಯಿರಿ. ದಾನಿಗಳು ಕೊಟ್ಟ ಮಹಾಪುರುಷರ ಚರಿತ್ರೆಗಳಿವೆ, ನೀತಿಕಥೆಗಳಿವೆ, ಪಂಚತಂತ್ರ ನಾಲ್ಕು ಪ್ರತಿ ಇದೆ. ಒಳ್ಳೆಯವೇ, ಬೇಡ ಅನ್ನೋದಿಲ್ಲ. ಆದರೆ ಆ ಕಪಾಟಿನ ಕನ್ನಡದಲ್ಲಿ ಒಬ್ಬನೇ ಒಬ್ಬ ಡ್ರೈವರ್ ಇಲ್ಲ. ಒಂದು ಸ್ಪ್ಯಾನರ್ ಇಲ್ಲ. ರಥ ಇದೆ, ಟಿಪ್ಪರ್ ಇಲ್ಲ. ರಥದ ಚಕ್ರ ನೆಲದಲ್ಲಿ ಹೂತ ಕಥೆ ಗೊತ್ತಿರುವ ಹುಡುಗನಿಗೆ, ಮಳೆಗಾಲದಲ್ಲಿ ಅವನಪ್ಪನ ಲಾರಿ ಕೆಸರಿನಲ್ಲಿ ಹೂತಾಗ ಹೇಗೆ ಎತ್ತಿದರು ಎಂಬ ಕಥೆ ಪುಸ್ತಕದಲ್ಲಿ ಯಾಕೆ ಇರಬಾರದು?

ಕನ್ನಡಕ್ಕೆ ಕಾಮಿಕ್ಸ್ ಹೊಸದಲ್ಲ ಎನ್ನುವುದು ಇನ್ನೂ ಬೇಸರದ ಸಂಗತಿ. ಅಮರ ಚಿತ್ರಕಥೆ ಅಂದರೆ ಎಲ್ಲರಿಗೂ ಕಾರ್ಕಳದ ಅನಂತ ಪೈ ನೆನಪಾಗುತ್ತಾರೆ, ಸರಿ. ಆದರೆ ಆ ಹೆಸರಿನ ಮೊದಲ ಪುಸ್ತಕಗಳು ಬಂದದ್ದು ಇಂಗ್ಲಿಷಿನಲ್ಲಲ್ಲ, ಹಿಂದಿಯಲ್ಲೂ ಅಲ್ಲ, ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಅವುಗಳನ್ನು ತಂದರು. ಅವು ದೇವರ ಕಥೆಗಳೂ ಆಗಿರಲಿಲ್ಲ, ಸಿಂಡ್ರೆಲಾಳಂಥ ಪರದೇಶದ ಕಥೆಗಳು. ಪುರಾಣ ಬಂದದ್ದು ಆಮೇಲೆ. ಅಂದರೆ ಹೊರಗಿನದನ್ನು ತಂದು ಕನ್ನಡದಲ್ಲಿ ಮಕ್ಕಳ ಕೈಗಿಡುವ ಧೈರ್ಯ ನಮಗೆ ಆಗಲೇ ಇತ್ತು. ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಬಂತು, ಫ್ಯಾಂಟಮ್, ಮಾಂಡ್ರೇಕ್ ಕನ್ನಡ ಮಾತಾಡಿದರು. 1949ರಿಂದ ಚಂದಮಾಮ ಇತ್ತು, ಆಮೇಲೆ ಬಾಲಮಂಗಳದ ಡಿಂಗ ಬಂದ. ಈಗ ಮೂವತ್ತು-ನಲವತ್ತು ದಾಟಿದ ಕನ್ನಡ ಶಿಕ್ಷಕರಲ್ಲಿ ಡಿಂಗನನ್ನು ಓದದೇ ಬೆಳೆದವರು ಎಷ್ಟು ಜನ? ಪಠ್ಯಪುಸ್ತಕದ ಒಳಗೆ ಬಾಲಮಂಗಳ ಇಟ್ಟು ಓದಿದವರೇ ಈಗ ಚೀಲ ತಪಾಸಣೆಗೆ ಮುಂದೆ ನಿಂತಿದ್ದಾರೆ. ಇರಲಿ.

ಪಕ್ಕದ ತಮಿಳಿನವರನ್ನು ನೋಡಿ. ಪಟಾಕಿಗೂ ಮುದ್ರಣಕ್ಕೂ ಹೆಸರಾದ ಶಿವಕಾಶಿಯಿಂದ 1972ರಲ್ಲಿ ಮುತ್ತು ಕಾಮಿಕ್ಸ್, 1984ರಲ್ಲಿ ಲಯನ್ ಕಾಮಿಕ್ಸ್ ಶುರುವಾದವು. ಇಟಲಿಯ ಟೆಕ್ಸ್, ಯುರೋಪಿನ ಲಕಿ ಲೂಕ್ ತಮಿಳು ಮಾತಾಡುತ್ತಾರೆ, ಅಜ್ಜಂದಿರೂ ಕೊಂಡು ಓದುತ್ತಾರೆ. ಫ್ರೆಂಚ್ ಭಾಷೆಯಲ್ಲಿ ಜಾನ್ ಗ್ರಾಟನ್ 1957ರಲ್ಲಿ ಮಿಶೆಲ್ ವೈಯಾಂ ಎಂಬ ರೇಸ್ ಚಾಲಕನನ್ನು ಸೃಷ್ಟಿಸಿದ. ನಿಜವಾದ ರೇಸ್ ಟ್ರ್ಯಾಕುಗಳು, ನಿಜವಾದ ಚಾಲಕರು ಅವನ ಕಥೆಯೊಳಗೆ ಬಂದು ಹೋಗುತ್ತಾರೆ. ಇಂಥವು ನಮ್ಮ ಕಪಾಟಿಗೆ ಬರುವುದು ಯಾವಾಗ?

ನಮಗೆ ಎಲ್ಲಕ್ಕಿಂತ ಹತ್ತಿರ ಅನಿಸುವುದು ಜಪಾನಿನ 'ಇನಿಶಿಯಲ್ ಡಿ'. ಶುಯಿಚಿ ಶಿಗೆನೊ 1995ರಿಂದ 2013ರವರೆಗೆ ಬರೆದ ಕಾಮಿಕ್ಸ್. ನಾಯಕ ಒಬ್ಬ ಸ್ಕೂಲ್ ಹುಡುಗ. ಅವನಪ್ಪನದು ತೋಫು ಅಂಗಡಿ. ತೋಫು ಅಂದರೆ ಸೋಯಾ ಹಾಲಿನಿಂದ ಮಾಡಿದ ಪನೀರಿನಂಥದ್ದು. ಬೆಳಗಿನ ಜಾವ ಬೆಟ್ಟದ ಮೇಲಿನ ಹೋಟೆಲ್‌ಗೆ ತೋಫು ಕೊಟ್ಟು ಬರೋದು ಹುಡುಗನ ಕೆಲಸ. ಗಾಡಿ ಹಳೆಯ ಟೊಯೋಟಾ. ಅಪ್ಪ ಏನು ಮಾಡುತ್ತಾನೆ ಗೊತ್ತಾ? ಕಾರಿನಲ್ಲಿ ಒಂದು ಕಪ್ ನೀರು ಇಡುತ್ತಾನೆ. ತಿರುವಿನಲ್ಲಿ ನೀರು ಚೆಲ್ಲಬಾರದು. ಚೆಲ್ಲಿದರೆ ತೋಫು ಒಡೆಯಿತು ಅಂತಲೇ ಲೆಕ್ಕ. ಹುಡುಗ ಹೀಗೆ ಓಡಿಸಿ ಓಡಿಸಿ, ತನಗೇ ಗೊತ್ತಿಲ್ಲದೆ ಆ ಘಾಟಿಯ ಅತಿ ಚೆನ್ನಾದ ಚಾಲಕ ಆಗಿಬಿಟ್ಟಿರುತ್ತಾನೆ. ಕಥೆಯಲ್ಲಿ ಪೊಲೀಸರು ಹಿಡಿಯಬೇಕಾದಷ್ಟು ರಸ್ತೆ ರೇಸ್ ಇದೆ, ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಆ ಕಪ್ ನೀರು! ಗೇರು, ಬ್ರೇಕು, ಸ್ಟೀರಿಂಗ್ ಮೂರನ್ನೂ ನವಿರಾಗಿ ಬಳಸಬೇಕು ಎಂಬುದನ್ನು ಯಾವ ಪಠ್ಯಪುಸ್ತಕ ಇಷ್ಟು ಸರಳವಾಗಿ ಹೇಳಿದೆ? ನಮಗೂ ಅನಮೋಡ ಘಾಟಿ ಇದೆ, ಚೋರ್ಲಾ ಘಾಟಿ ಇದೆ. ನಸುಕಿನಲ್ಲಿ ಬೆಳಗಾವಿಯಿಂದ ತರಕಾರಿ ತುಂಬಿಕೊಂಡು ಗೋವಾಕ್ಕೆ ಇಳಿಯುವ ಗಾಡಿಗಳಿವೆ. ಟೊಮೇಟೊ ಜಜ್ಜಿಹೋಗದ ಹಾಗೆ ಇಳಿಸುವ ಕೈಗಳಿವೆ. ಕಥೆ ಬರೆಯುವವರು ಮಾತ್ರ ಇಲ್ಲ.

"ಅಯ್ಯೋ, ಯಂತ್ರದ ಮಾತು ಕನ್ನಡದಲ್ಲಿ ಹೇಗೆ ಬರುತ್ತೆ, ಎಲ್ಲಾ ಇಂಗ್ಲಿಷ್ ಶಬ್ದ" ಅನ್ನುವವರಿದ್ದಾರೆ. ಅವರು ಒಂದು ದಿನ ನಮ್ಮ ಕಡೆಯವರ ಗ್ಯಾರೇಜಿಗೆ ಬರಲಿ. ಕ್ಲಚ್, ಗೇರು, ಪ್ಲಗ್ಗು, ಬೇರಿಂಗ್ ಇಂಗ್ಲಿಷಿನಿಂದ ಬಂದವು ಹೌದು. ಆದರೆ ಎಂಜಿನ್ 'ಉಸಿರು ಕಟ್ಟುತ್ತದೆ', ಗಾಡಿ 'ಎಳೆಯುವುದಿಲ್ಲ', ಬ್ರೇಕ್ 'ಹಿಡಿಯುವುದಿಲ್ಲ', ಗೇರ್ 'ಬೀಳುವುದಿಲ್ಲ', ನಟ್ಟು 'ಕಚ್ಚಿಕೊಂಡಿದೆ'. ಕ್ರಿಯಾಪದ ಎಲ್ಲ ಕನ್ನಡವೇ! ನಾಮಪದ ಕಡ ತಂದರೆ ಭಾಷೆ ಸಾಯುವುದಿಲ್ಲ, ಕ್ರಿಯಾಪದ ಕಡ ತರುವ ಸ್ಥಿತಿ ಬಂದಾಗ ಹೆದರಬೇಕು. ದೊಡ್ಡವರ ಸಾಹಿತ್ಯದಲ್ಲಿ ಇದನ್ನು ಪೂರ್ಣಚಂದ್ರ ತೇಜಸ್ವಿ ಯಾವತ್ತೋ ಮಾಡಿ ತೋರಿಸಿದ್ದಾರೆ. 'ಅಣ್ಣನ ನೆನಪು' ತೆಗೆದು ಕುವೆಂಪು ಅವರ ಸ್ಟುಡಿಬೇಕರ್ ಕಾರಿನ ಪ್ರಸಂಗಗಳನ್ನು ಓದಿ ನೋಡಿ. ರಾಷ್ಟ್ರಕವಿಯ ಮನೆಯೊಳಗೆ ಕಾರು ಬಂದರೆ ಕನ್ನಡಕ್ಕೆ ಮೈಲಿಗೆ ಆಗಲಿಲ್ಲ. ಟಿಪ್ಪರ್ ಡ್ರೈವರನ ಮಗನ ಕೈಗೆ ಕಾರಿನ ಪುಸ್ತಕ ಬಂದರೆ ಆಗುತ್ತದೆಯೇ?

ಓಟದ ಹುಚ್ಚು ನಮಗೆ ಹೊರಗಿನಿಂದ ಬಂದದ್ದೂ ಅಲ್ಲ. ಹಾವೇರಿ, ಧಾರವಾಡ ಕಡೆ ಖಾಲಿ ಗಾಡಾ ಓಡಿಸುವ ಸ್ಪರ್ಧೆ ನೋಡಿಲ್ಲವೇ? ಬೆಳಗಾವಿ, ಬಾಗಲಕೋಟೆ ಕಡೆಯ ಜಾತ್ರೆಗಳಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ ಹಿಮ್ಮುಖವಾಗಿ ಓಡಿಸುವ ಪಂದ್ಯ ನಡೆಯುತ್ತದೆ. ಟ್ರೇಲರ್ ಕಟ್ಟಿದ ಗಾಡಿ ರಿವರ್ಸ್ ತೆಗೆಯುವಾಗ ಸ್ಟೀರಿಂಗನ್ನು ಉಲ್ಟಾ ತಿರುಗಿಸಬೇಕು ಎಂಬುದು ಎಷ್ಟು ಮಂದಿ ಕಾರಿನ ಮಾಲೀಕರಿಗೆ ಗೊತ್ತು? ಆ ಪಂದ್ಯದಲ್ಲಿ ಗೆದ್ದವನ ಮೇಲೆ ಊರವರು ಗುಲಾಲು ಎರಚುತ್ತಾರೆ. ಅವನ ಮಗನ ಶಾಲೆಯ ಪುಸ್ತಕದಲ್ಲಿ ಮಾತ್ರ ಅವನ ಸುದ್ದಿಯೇ ಇಲ್ಲ.

ಇನ್ನು ಎದುರು ಮಾತಿಗೆ ಬರೋಣ. ಇದನ್ನು ಹಗುರವಾಗಿ ತಳ್ಳಿ ಹಾಕುವವರಲ್ಲ ನಾವು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಇದು ಕೇಂದ್ರ ಸರ್ಕಾರದ್ದೇ ಲೆಕ್ಕ. ಗೋವಾದ ಕಿರಿದಾದ ರಸ್ತೆಗಳಲ್ಲಿ ಬಾಡಿಗೆ ಸ್ಕೂಟರಿನ ಪ್ರವಾಸಿಗರು ಹೇಗೆ ಹೋಗುತ್ತಾರೆ ಅಂತ ಎಲ್ಲರೂ ದಿನಾ ನೋಡುತ್ತೇವೆ. ಹದಿನಾಲ್ಕರ ಹುಡುಗ ಅಪ್ಪನ ಬೈಕ್ ತೆಗೆದರೆ ಏನಾಗುತ್ತದೆ ಎಂಬುದು ಪಾಲಕರಿಗೆ ಗೊತ್ತಿರಲಿ: 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಅಪರಾಧ ಮಾಡಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸನ್ಸ್ ಇಲ್ಲ. ದಿನಗೂಲಿ ಮನೆಗೆ ಇದು ಮುಳುಗಿದ ಹಾಗೆಯೇ.

ಕನ್ನಡದವರಿಗೆ ಈ ನೋವು ಬೇರೆ ರೀತಿಯಲ್ಲೂ ಗೊತ್ತು. ಕುಡಿದು ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಹಾಯಿಸುವ ಶ್ರೀಮಂತರ ಮಗನ ಕಥೆಯನ್ನು 'ಆಕ್ಸಿಡೆಂಟ್' ಎಂಬ ಸಿನಿಮಾ ಮಾಡಿದ ಶಂಕರ್‌ನಾಗ್, 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನ ಬಳಿ ಕಾರು ಅಪಘಾತದಲ್ಲೇ ತೀರಿಕೊಂಡರು. ಅಮೆರಿಕದ ಹುಡುಗರ ಆರಾಧ್ಯ ನಟ ಜೇಮ್ಸ್ ಡೀನ್ ತನ್ನ ಪೋರ್ಷೆ ಕಾರಿನಲ್ಲಿ ಸತ್ತದ್ದೂ ಸೆಪ್ಟೆಂಬರ್ 30ರಂದೇ, 1955ರಲ್ಲಿ. ತಾರೀಕು ಕೂಡಿದ್ದು ಕಾಕತಾಳೀಯ, ಆದರೂ ಓದಿದಾಗ ಮನಸ್ಸು ಭಾರವಾಗುತ್ತದೆ.

ಹಾಗಾದರೆ ರೇಸಿನ ಕಾಮಿಕ್ಸ್ ಹುಡುಗರನ್ನು ಹಾಳು ಮಾಡುವುದಿಲ್ಲವೇ? ಇಲ್ಲಿಯೇ ಆ ಅಗ್ಗದ ಅಮೆರಿಕನ್ ಪುಸ್ತಕಗಳನ್ನು ತೆರೆದು ನೋಡಬೇಕು ಅನ್ನೋದು. ಅವುಗಳ ಎಷ್ಟೋ ಕಥೆಗಳಲ್ಲಿ ಖಳನಾಯಕ ಯಾರು? ಊರ ರಸ್ತೆಯಲ್ಲಿ ರೇಸ್ ಮಾಡುವವನು! ನಾಯಕ ಅವನ ಸವಾಲನ್ನು ರಸ್ತೆಯಲ್ಲಿ ಒಪ್ಪುವುದಿಲ್ಲ. "ಟ್ರ್ಯಾಕಿಗೆ ಬಾ" ಅನ್ನುತ್ತಾನೆ. ಅಲ್ಲಿ ಹೆಲ್ಮೆಟ್ ಇದೆ, ಬೆಲ್ಟ್ ಇದೆ, ಗಾಡಿ ತಪಾಸಣೆ ಇದೆ, ಗಡಿಯಾರ ಹಿಡಿದವನಿದ್ದಾನೆ. ಆ ಕಾಮಿಕ್ಸ್ ಹುಟ್ಟಿದ 1951ರಲ್ಲೇ ವಾಲಿ ಪಾರ್ಕ್ಸ್ ಎಂಬ ಪತ್ರಿಕಾ ಸಂಪಾದಕ ರಾಷ್ಟ್ರೀಯ ಹಾಟ್ ರಾಡ್ ಸಂಘ ಕಟ್ಟಿದ. ಹುಡುಗರನ್ನು ರಸ್ತೆಯಿಂದ ಎಬ್ಬಿಸಿ ನಿಯಮವಿರುವ ಟ್ರ್ಯಾಕಿಗೆ ಕರೆತರುವುದು ಅದರ ಉದ್ದೇಶ. ಹುಡುಗರಿಗೆ ಬೈದು ಅಲ್ಲ, ಅವರ ಹುಚ್ಚನ್ನು ಗೌರವಿಸಿ ಈ ಕೆಲಸ ಮಾಡಿದರು. ನಮ್ಮ ಶಾಲೆಯ ಗೋಡೆಯ ಮೇಲೆ 'ಅತಿವೇಗ ಅಪಾಯ' ಎಂಬ ಫಲಕ ಇದೆ. ಅದನ್ನು ಓದಿ ಯಾವ ಹುಡುಗ ಬೈಕು ನಿಧಾನ ಮಾಡಿದ್ದಾನೆ ಹೇಳಿ?

ಕಿತ್ತುಕೊಳ್ಳುವ ಪ್ರಯೋಗವೂ ಅಲ್ಲಿ ಆಗಿ ಹೋಗಿದೆ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್‌ಟನ್ ಊರಿನ ಶಾಲೆಯೊಂದರಲ್ಲಿ ಮಕ್ಕಳಿಂದಲೇ ಕಾಮಿಕ್ಸ್ ಒಟ್ಟು ಮಾಡಿಸಿ ಬೆಂಕಿ ಹಾಕಿದರು. 1954ರಲ್ಲಿ ಫ್ರೆಡ್ರಿಕ್ ವರ್ದಮ್ ಎಂಬ ಮನೋವೈದ್ಯ ಕಾಮಿಕ್ಸಿನಿಂದ ಮಕ್ಕಳು ಕೆಡುತ್ತಾರೆ ಎಂದು ದೊಡ್ಡ ಪುಸ್ತಕ ಬರೆದ, ಸೆನೆಟ್ ವಿಚಾರಣೆ ನಡೆಯಿತು, ಪ್ರಕಾಶಕರೇ ಹೆದರಿ ನಿಯಮಾವಳಿ ಮಾಡಿಕೊಂಡರು. ಆಮೇಲೆ 2012ರಲ್ಲಿ ಕ್ಯಾರೊಲ್ ಟಿಲ್ಲಿ ಎಂಬ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ ವರ್ದಮ್‌ನ ಮೂಲ ಕಾಗದಪತ್ರ ತೆಗೆದು ನೋಡಿದರೆ, ಮಕ್ಕಳು ಹೇಳಿದ್ದನ್ನು ಆತ ತಿರುಚಿದ್ದು, ತನಗೆ ಬೇಡವಾದದ್ದನ್ನು ಬಿಟ್ಟದ್ದು ಹೊರಬಿತ್ತು! ಎಪ್ಪತ್ತು ವರ್ಷದ ಹಿಂದೆ ಅಮೆರಿಕದವರು ಎಡವಿದ ಕಲ್ಲಿಗೇ ನಾವು ಈಗ ಹೋಗಿ ಕಾಲು ಕೊಡಬೇಕೇ?

ಹೀರೋಗಳು ಬೇಕೆಂದರೆ ದೂರ ಹೋಗಬೇಕಾಗಿಲ್ಲ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ದಕ್ಷಿಣ ಅಮೆರಿಕದ ಮರಳು-ಬೆಟ್ಟಗಳಲ್ಲಿ ನಡೆದ ಡಾಕರ್ ರ್‍ಯಾಲಿಯನ್ನು ಬೈಕಿನಲ್ಲಿ ಪೂರ್ತಿ ಮುಗಿಸಿದ ಮೊದಲ ಭಾರತೀಯ. ಬಂದದ್ದು 36ನೇ ಸ್ಥಾನ. ನಮ್ಮ ಮಕ್ಕಳಿಗೆ ಹೇಳಬೇಕಾದ್ದು ಇಂಥದ್ದೇ ಅಲ್ಲವೇ, ಮೊದಲ ಸ್ಥಾನವಲ್ಲ, ಮುಗಿಸಿದ್ದು! ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2018ರಲ್ಲಿ ಸ್ಪೇನ್ ದೇಶದ ರ್‍ಯಾಲಿಯಲ್ಲಿ ಬಿದ್ದು ಮೇದೋಜೀರಕ ಗ್ರಂಥಿಗೇ ಪೆಟ್ಟು ಮಾಡಿಕೊಂಡರು. ಮರುವರ್ಷ, 2019ರಲ್ಲಿ, ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗದ ಪಟ್ಟ ಗೆದ್ದರು. ಮೋಟಾರ್ ಕ್ರೀಡೆಯಲ್ಲಿ ವಿಶ್ವ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ಚಾರ್ಲ್ಟನ್ ಕಂಪನಿಯವರು ಚಪ್ಪಾಳೆ ಹೊಡೆಯಲು ನಿಲ್ಲಿಸಿದ ಹುಡುಗಿಯನ್ನು ನಮ್ಮ ಬೆಂಗಳೂರಿನ ಹೆಣ್ಣುಮಗಳು ಗಾಡಿಯ ಮೇಲೆ ಕೂರಿಸಿಬಿಟ್ಟಳು. ಈ ಕಥೆ 32 ಪುಟದ ಬಣ್ಣದ ಕನ್ನಡ ಕಾಮಿಕ್ಸ್ ಆಗಿ ನಮ್ಮ ಕಪಾಟಿನಲ್ಲಿದ್ದರೆ ನಾಲ್ಕನೇ ಕ್ಲಾಸಿನ ಹುಡುಗಿಯರು ಕಿತ್ತಾಡಿ ಓದುತ್ತಾರೆ, ಬರೆದುಕೊಡಲೇ?

ಅದಕ್ಕೇ ಕೇಳುತ್ತಿದ್ದೇವೆ. ಕನ್ನಡ ಪುಸ್ತಕ ಪ್ರಾಧಿಕಾರದವರು, ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದವರು, ಹೊರನಾಡ ಕನ್ನಡ ಶಾಲೆಗಳಿಗೆ ಪುಸ್ತಕ ದಾನ ಮಾಡುವ ಸಂಘಗಳವರು ಈ ಬರಹ ನೋಡಿದರೆ, ಮುಂದಿನ ಸಲ ಪಂಚತಂತ್ರದ ಐದನೇ ಪ್ರತಿ ಕಳಿಸುವ ಬದಲು ಗಾಡಿಯ ಕಥೆ ಒಂದಾದರೂ ಬರೆಸಿ ಕಳಿಸಿ. ಚಿತ್ರ ಬರೆಯುವವರು ಗ್ಯಾರೇಜಿಗೆ ಹೋಗಿ ಕೂತು ಬರೆಯಲಿ. ಬರೀ ಕಾರು ಓಡುವ ಚಿತ್ರವಲ್ಲ, ಕಾರು ಯಾಕೆ ಓಡುತ್ತದೆ, ಯಾಕೆ ನಿಲ್ಲುತ್ತದೆ ಎನ್ನುವುದು ಇರಲಿ. ಇಲ್ಲಿಂದ ಮುಂದೆ ಇಂಗ್ಲಿಷ್ ಮಾಧ್ಯಮದ ಹೈಸ್ಕೂಲಿಗೆ ಹೋಗುವ ಮಕ್ಕಳೇ ಹೆಚ್ಚು. ಕನ್ನಡದಲ್ಲಿ ತಾವಾಗಿ ಓದುವ ಅಭ್ಯಾಸ ಹತ್ತಿಸಲು ನಮಗಿರುವುದು ಕೆಲವೇ ವರ್ಷ. ಆ ವರ್ಷಗಳಲ್ಲಿ ಅವರ ಕೈಯಿಂದ ಅವರಿಗಿಷ್ಟವಾದದ್ದನ್ನೇ ಕಿತ್ತುಕೊಂಡರೆ, ಆಮೇಲೆ ಅವರು ಕನ್ನಡ ಅಂದರೆ ಬೈಗುಳ, ಪರೀಕ್ಷೆ ಎರಡೇ ಅಂದುಕೊಂಡು ಹೋಗುತ್ತಾರೆ.

ಅಲ್ಲಿಯವರೆಗೆ ಸುಮ್ಮನೆ ಕೂರಲು ಆಗುವುದಿಲ್ಲ ಅಂತ ನಾವು ಮೂರು ಜನ ಒಂದು ಕೆಲಸ ಶುರು ಮಾಡಿದ್ದೇವೆ. ಶನಿವಾರ ಕೊನೆಯ ಪೀರಿಯಡ್ಡಿಗೆ ಒಬ್ಬೊಬ್ಬ ಪಾಲಕರನ್ನು ಕರೆಯುತ್ತೇವೆ. ಮೊದಲು ಬಂದವರು ಟಿಪ್ಪರ್ ಡ್ರೈವರ್. "ನಾ ಏನ್ ಹೇಳ್ಲಿ ಸರ, ನನಗ ಓದಾಕ ಬರಂಗಿಲ್ಲ" ಅಂತ ಬಾಗಿಲಲ್ಲೇ ನಿಂತಿದ್ದರು. "ಅಣ್ಣಾರ, ಅನಮೋಡ ಘಾಟಿ ಹೆಂಗ್ ಇಳಸ್ತೀರಿ ಅಷ್ಟ್ ಹೇಳ್ರಿ ಸಾಕು" ಅಂದೆವು. ಆಮೇಲೆ ಮುಕ್ಕಾಲು ಗಂಟೆ ಅವರನ್ನು ನಿಲ್ಲಿಸುವವರಿರಲಿಲ್ಲ. ಲೋಡ್ ಗಾಡಿಯನ್ನು ಉದ್ದಕ್ಕೂ ಬ್ರೇಕ್ ಒತ್ತಿಯೇ ಇಳಿಸಿದರೆ ಡ್ರಮ್ ಕಾದು ಬ್ರೇಕ್ ಹಿಡಿಯುವುದೇ ಇಲ್ಲ. ಆದ್ದರಿಂದ ಯಾವ ಗೇರಿನಲ್ಲಿ ಘಾಟಿ ಏರಬೇಕೋ ಅದೇ ಗೇರಿನಲ್ಲಿ ಇಳಿಯಬೇಕು, ಗಾಡಿಯನ್ನು ಹಿಡಿದಿಡುವ ಕೆಲಸ ಎಂಜಿನ್ನಿಗೆ ಬಿಡಬೇಕು. ಮಳೆಗಾಲದ ಒಂದು ರಾತ್ರಿ ಮುಂದಿನ ಲಾರಿಯ ಚಕ್ರದಿಂದ ಹೊಗೆ ಬಂದದ್ದು, ಇವರು ಹಾರ್ನ್ ಹೊಡೆದು ಲೈಟ್ ಹಾಕಿ ಅವನನ್ನು ಬದಿಗೆ ನಿಲ್ಲಿಸಿದ್ದು, ಚಕ್ರಕ್ಕೆ ಕಲ್ಲು ಕೊಟ್ಟದ್ದು, ಎಲ್ಲಾ ಹೇಳಿದರು.

ಮಕ್ಕಳು ಅದನ್ನು ಡ್ರಾಯಿಂಗ್ ಹಾಳೆಯಲ್ಲಿ 12 ಚೌಕ ಮಾಡಿ ಚಿತ್ರಕಥೆ ಬರೆಯುತ್ತಿದ್ದಾರೆ. ಮಾತಿನ ಗುಳ್ಳೆಯೊಳಗೆ ಕನ್ನಡ ತುಂಬುವ ಕೆಲಸ ಮೂರು ಕಾರ್ಬುರೇಟರ್ ಹುಡುಗನದು. ಕಾಗುಣಿತ ಇನ್ನೂ ಎಡವುತ್ತದೆ, ಆದರೆ ಯಾರೂ ಹೇಳದೇ ತಾನೇ ಅಳಿಸಿ ತಿದ್ದುತ್ತಾನೆ. ಏಳನೇ ಚೌಕದಲ್ಲಿ ಗಾಡಿ ಎರಡನೇ ಗೇರಿನಲ್ಲಿತ್ತೋ ಮೂರನೆಯದರಲ್ಲೋ ಅಂತ ಕ್ಲಾಸಿನಲ್ಲಿ ಎರಡು ಪಕ್ಷ ಆಗಿ ಕೆಲಸ ನಿಂತಿದೆ. ಮುಂದಿನ ಶನಿವಾರ ಅವರನ್ನೇ ಮತ್ತೆ ಕರೆಸಿ ಕೇಳಬೇಕು.